ಮೂರ್ಛಿತನ ಮಿದುಳಿನ ವಿದ್ಯುಲ್ಲೇಖ: ಅರ್ಥನಿರ್ಣಯದ ವಿಚಾರ

ತಲೆಗೆ ಬಲವಾದ ಪೆಟ್ಟು ಬಿದ್ದೋ, ಹೃದಯವು ಕೆಲವು ನಿಮಿಷಗಳ ಕಾಲ ನಿಂತು ಮತ್ತೆ ನಡೆದೋ, ಪ್ರಜ್ಞೆಯಿಲ್ಲದೆ ಮಲಗಿರುವ ರೋಗಿಯ ಹಾಸಿಗೆಯ ಬಳಿಯಲ್ಲಿ ಈಗಿನ ದೊಡ್ಡ ಆಸ್ಪತ್ರೆಗಳಲ್ಲಿ ಒಂದು ಯಂತ್ರವನ್ನಿಡುವ ವಾಡಿಕೆಯುಂಟು. ಅದರ ತೆರೆಯ ಮೇಲೆ ಅಲೆಯಂತಿರುವ ಹಲವು ಗೆರೆಗಳು ಒಂದರ ಕೆಳಗೊಂದು ಹರಿಯುತ್ತಿರುತ್ತವೆ. ಮಿದುಳಿನಲ್ಲಿ ಹುಟ್ಟುವ ಅತ್ಯಲ್ಪವಾದ ವಿದ್ಯುತ್ತಿನ ಏರಿಳಿತಗಳೇ ಆ ಗೆರೆಗಳು. ವೈದ್ಯರು ಇದಕ್ಕೆ ಇ.ಇ.ಜಿ. ಎನ್ನುವರು; ನಾವು ಇಲ್ಲಿ ವಿದ್ಯುಲ್ಲೇಖವೆಂದು ಕರೆಯುವೆವು. ರೋಗಿಯ ಬಂಧುಗಳು ಆ ತೆರೆಯನ್ನು ನೋಡಿ ಕೇಳುವ ಪ್ರಶ್ನೆ ಒಂದೇ: ಒಳಗೆ ಅರಿವು ಉಂಟೆ, ಇಲ್ಲವೆ? ಅದಕ್ಕೆ ಬರುವ ಉತ್ತರವನ್ನನುಸರಿಸಿ ಚಿಕಿತ್ಸೆಯನ್ನು ಮುಂದುವರಿಸುವುದೋ ನಿಲ್ಲಿಸುವುದೋ ಎಂಬುದು ಎಷ್ಟೋ ವೇಳೆ ನಿಶ್ಚಯವಾಗುವುದರಿಂದ, ಆ ಗೆರೆಗಳ ಅರ್ಥವನ್ನು ಹೇಗೆ ನಿರ್ಣಯಿಸತಕ್ಕದ್ದೆಂಬ ವಿಚಾರವು ಒಬ್ಬ ಮನುಷ್ಯನ ಪ್ರಾಣದ ವಿಚಾರವೇ ಆಗಿರುತ್ತದೆ.

ವೈದ್ಯರಿಗೆ ಸೇರಿದ ಈ ವಿಷಯಕ್ಕೆ ಭಾಷೆ ಸಾಹಿತ್ಯಗಳ ಪತ್ರಿಕೆಯಲ್ಲಿ ಎಡೆಯೇಕೆಂದು ವಾಚಕಮಹಾಶಯರು ಕೇಳಬಹುದು. ಸಮಾಧಾನವಿದು: ಗೆರೆಯು ತಾನಾಗಿ ಯಾವುದನ್ನೂ ಹೇಳುವುದಿಲ್ಲ, ಓದುವವನು ಅದರಿಂದ ಕಾಣದ ಮತ್ತೊಂದನ್ನು ಊಹಿಸುತ್ತಾನೆ. ಕಂಡ ಚಿಹ್ನೆಯಿಂದ ಕಾಣದ ವಸ್ತುವನ್ನು ಸಾಧಿಸುವುದು ಅನುಮಾನ. ಕಾಣದಿರುವುದರಿಂದ ಇಲ್ಲವೆಂದು ಸಾಧಿಸುವುದು ಅನುಪಲಬ್ಧಿ. ಇವೆರಡರ ಬಲಾಬಲಗಳನ್ನು ನಮ್ಮ ತರ್ಕಮೀಮಾಂಸೆಗಳು ಶತಮಾನಗಳ ಕಾಲ ಒರೆಹಚ್ಚಿ ನೋಡಿವೆ. ಈ ಯಂತ್ರದ ಜ್ಞಾನವು ಪ್ರಾಚೀನರಿಗಿತ್ತೆಂದು ನಾವು ಹೇಳಹೊರಟಿಲ್ಲ. ಅಂಥ ಮಾತಿನಿಂದ ಶಾಸ್ತ್ರಕ್ಕೆ ಗೌರವವೇನೂ ಹೆಚ್ಚದು. ಯಂತ್ರವು ಹೊಸದಾದರೂ ಅದನ್ನು ಓದುವ ಬುದ್ಧಿಯು ಎಡವುವ ಸ್ಥಳಗಳು ಹಳೆಯವೇ ಎಂದು ತೋರಿಸುವುದಷ್ಟೇ ಈ ಲೇಖನದ ಉದ್ದೇಶ.

೧. ಮೂರ್ಛೆಯೆಂಬ ಅವಸ್ಥೆ

ಬ್ರಹ್ಮಸೂತ್ರಗಳ ಮೂರನೆಯ ಅಧ್ಯಾಯದ ಎರಡನೆಯ ಪಾದದಲ್ಲಿ ಮುಗ್ಧಾಧಿಕರಣವೆಂಬುದೊಂದುಂಟು. ಮೂರ್ಛೆಹೋದವನ ಅವಸ್ಥೆಯು ಜಾಗ್ರತ್, ಸ್ವಪ್ನ, ಸುಷುಪ್ತಿ, ಮರಣ ಇವುಗಳಲ್ಲಿ ಯಾವುದಕ್ಕೆ ಸೇರಿದುದೆಂಬುದೇ ಅಲ್ಲಿಯ ವಿಚಾರ. ಶಂಕರಾಚಾರ್ಯರ ಭಾಷ್ಯವು ಒಂದೊಂದು ಪಕ್ಷವನ್ನೂ ಎತ್ತಿಕೊಂಡು ಚಿಹ್ನೆಗಳ ಬಲದಿಂದಲೇ ನಿರಾಕರಿಸುತ್ತದೆ. ವಿಷಯಗಳನ್ನು ಗ್ರಹಿಸದಿರುವುದರಿಂದ ಅವನು ಎಚ್ಚತ್ತವನಲ್ಲ. ಉಸಿರೂ ಮೈಯ ಬಿಸಿಯೂ ಇರುವುದರಿಂದ ಸತ್ತವನಲ್ಲ. ನಿದ್ರಿಸುವವನ ಮುಖವು ಪ್ರಸನ್ನವಾಗಿಯೂ ಉಸಿರು ಸಮನಾಗಿಯೂ ಇರುತ್ತವೆ, ಕೈಯಿಂದ ತಟ್ಟಿದರೆ ಅವನು ಏಳುತ್ತಾನೆ. ಮೂರ್ಛಿತನ ಉಸಿರು ಕೆಲವೊಮ್ಮೆ ಬಹುಹೊತ್ತು ನಿಲ್ಲುತ್ತದೆ, ಕಣ್ಣುಗಳು ಅಗಲವಾಗಿ ತೆರೆದಿರುತ್ತವೆ, ಹೊಡೆದರೂ ಅವನು ಏಳುವುದಿಲ್ಲ. ಒನಕೆಯ ಪೆಟ್ಟು ಮೊದಲಾದುದು ಮೂರ್ಛೆಗೆ ಕಾರಣ, ಆಯಾಸವು ನಿದ್ರೆಗೆ ಕಾರಣ ಎಂದು ಕಾರಣಭೇದವನ್ನೂ ಅಲ್ಲಿ ಹೇಳಿದೆ. ಆದುದರಿಂದ ಮೂರ್ಛೆಯು ಇವಾವುದರಲ್ಲಿಯೂ ಪೂರ್ತಿಯಾಗಿ ಅಡಗದ ಅರ್ಧಸಂಪತ್ತಿಯೆಂದು ಸಿದ್ಧಾಂತ.

ಇಂದಿನ ವೈದ್ಯರ ವಿಭಾಗವೂ ಚಿಹ್ನೆಗಳನ್ನೇ ಆಶ್ರಯಿಸಿರುತ್ತದೆ. ೧೯೭೪ರಲ್ಲಿ ಗ್ಲಾಸ್ಗೋ ನಗರದ ಟೀಸ್‌ಡೇಲ್, ಜೆನೆಟ್ ಎಂಬ ವೈದ್ಯರು ಕಣ್ಣು, ಮಾತು, ಅಂಗಚಲನೆ ಈ ಮೂರನ್ನು ನೋಡಿ ಮೂರ್ಛೆಯ ಆಳವನ್ನು ಅಳೆಯುವ ಕ್ರಮವನ್ನು ರಚಿಸಿದರು. ಕಣ್ಣನ್ನೇ ತೆರೆಯದ ಗಾಢಮೂರ್ಛೆಗೆ ಕೋಮಾ ಎಂದು ಹೆಸರು. ಕಣ್ಣು ತೆರೆದು ಮುಚ್ಚುತ್ತಿದ್ದರೂ ಅರಿವಿನ ಗುರುತು ಯಾವುದೂ ಕಾಣದಿರುವ ಅವಸ್ಥೆಗೆ ಜೆನೆಟ್, ಪ್ಲಮ್ ಎಂಬವರು ೧೯೭೨ರಲ್ಲಿ ಸಸ್ಯಸದೃಶಾವಸ್ಥೆಯೆಂಬರ್ಥದ ಹೆಸರನ್ನಿಟ್ಟರು. ೨೦೧೦ರಲ್ಲಿ ಯೂರೋಪಿನ ವಿದ್ವಾಂಸರು ಅದನ್ನು ಬಿಟ್ಟು, ಪ್ರತಿಕ್ರಿಯೆಯಿಲ್ಲದ ಎಚ್ಚರವೆಂಬರ್ಥದ ಹೆಸರನ್ನು ಸೂಚಿಸಿದರು. ಹಳೆಯ ಹೆಸರು ರೋಗಿಯು ಏನಾಗಿದ್ದಾನೆಂದು ಹೇಳುತ್ತಿತ್ತು. ಹೊಸದು ನೋಡುವವನಿಗೆ ಏನು ಕಂಡಿತೆಂದು ಮಾತ್ರ ಹೇಳುತ್ತದೆ. ಶಬ್ದಾರ್ಥವಿಚಾರದಲ್ಲಿ ಪಳಗಿದವರಿಗೆ ಈ ಭೇದವು ಅಲ್ಪವೆಂದು ತೋರಲಾರದು. ಆಗಾಗ ಅರಿವಿನ ಗುರುತನ್ನು ತೋರುವವರನ್ನು ೨೦೦೨ರಿಂದ ಕನಿಷ್ಠಪ್ರಜ್ಞಾವಸ್ಥೆಯೆಂಬ ಬೇರೊಂದು ವರ್ಗದಲ್ಲಿ ಎಣಿಸುತ್ತಾರೆ.

ಹಾಸಿಗೆಯ ಬಳಿ ನಿಂತು ನೋಡುವ ಕಣ್ಣೂ ತಪ್ಪುವುದುಂಟು. ೨೦೦೯ರಲ್ಲಿ ಪ್ರಕಟವಾದ ಬೆಲ್ಜಿಯಂ ದೇಶದ ಪರಿಶೀಲನೆಯೊಂದರಲ್ಲಿ, ಚಿಕಿತ್ಸಕರು ಒಮ್ಮತದಿಂದ ಸಸ್ಯಸದೃಶಾವಸ್ಥೆಯೆಂದು ನಿರ್ಣಯಿಸಿದ್ದ ೪೪ ಜನರನ್ನು ಕ್ರಮಬದ್ಧವಾದ ಮತ್ತೊಂದು ಪರೀಕ್ಷೆಯಿಂದ ನೋಡಲಾಗಿ, ೧೮ ಜನರಲ್ಲಿ ಅರಿವಿನ ಗುರುತುಗಳು ದೊರೆತವು. ಕಣ್ಣಿಗೆ ನೆರವಾಗಿ ಯಂತ್ರವು ಬೇಕಾದುದು ಈ ಕಾರಣದಿಂದಲೇ.

೨. ಯಂತ್ರವು ಬರೆಯುವುದೇನು

ಮಿದುಳಿನಲ್ಲಿ ವಿದ್ಯುತ್ತುಂಟೆಂದು ೧೮೭೫ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ನಗರದ ರಿಚರ್ಡ್ ಕೇಟನ್ ಎಂಬ ವೈದ್ಯನು ಪ್ರಾಣಿಗಳಲ್ಲಿ ಕಂಡು ವರದಿ ಮಾಡಿದನು. ಮನುಷ್ಯನ ವಿದ್ಯುಲ್ಲೇಖವನ್ನು ಮೊದಲು ಪಡೆದವನು ಜರ್ಮನಿಯ ಯೇನಾ ನಗರದ ಹಾನ್ಸ್ ಬರ್ಗರ್. ೧೯೨೪ರಲ್ಲಿ ಪಡೆದುದನ್ನು ಆತನು ೧೯೨೯ರಲ್ಲಿ ಪ್ರಕಟಿಸಿದನು. ಮೊದಲು ಅನೇಕರು ಇದನ್ನು ನಂಬಲಿಲ್ಲ. ೧೯೩೪ರಲ್ಲಿ ಕೇಂಬ್ರಿಜಿನ ಏಡ್ರಿಯನ್, ಮ್ಯಾಥ್ಯೂಸ್ ಎಂಬ ವಿದ್ವಾಂಸರು ತಾವೂ ಪ್ರಯೋಗವನ್ನು ಮಾಡಿ ಸಮರ್ಥಿಸಿದ ಮೇಲೆ ಇದಕ್ಕೆ ಮನ್ನಣೆ ದೊರೆಯಿತು.

ನೆತ್ತಿಯ ಚರ್ಮದ ಮೇಲೆ ನಿಯತಸ್ಥಾನಗಳಲ್ಲಿ ಎಲೆಕ್ಟ್ರೋಡುಗಳೆಂಬ ಸಣ್ಣ ಲೋಹದ ಬಿಲ್ಲೆಗಳನ್ನು ಅಂಟಿಸುವರು. ಅಲ್ಲಿ ದೊರೆಯುವ ವಿದ್ಯುತ್ತು ಕೆಲವು ಹತ್ತು ಮೈಕ್ರೋವೋಲ್ಟುಗಳಷ್ಟು. ಮೈಕ್ರೋವೋಲ್ಟೆಂದರೆ ವೋಲ್ಟಿನ ಹತ್ತು ಲಕ್ಷದಲ್ಲೊಂದು ಭಾಗ. ಒಂದೊಂದು ನರಕೋಶದ ವ್ಯಾಪಾರವು ಇಲ್ಲಿ ಗೊತ್ತಾಗುವುದಿಲ್ಲ. ಮಿದುಳಿನ ಹೊರಪದರದಲ್ಲಿರುವ ಅಸಂಖ್ಯ ಕೋಶಗಳು ಒಟ್ಟಾಗಿ ಏರಿಳಿದಾಗ ಅದರ ಮೊತ್ತವು ತಲೆಬುರುಡೆಯನ್ನು ದಾಟಿ ಬರುತ್ತದೆ. ಜಾತ್ರೆಯ ಗದ್ದಲವು ಊರ ಹೊರಗಿನವನಿಗೆ ಕೇಳಿಸುತ್ತದೆ, ಅಲ್ಲಿ ಆಡಿದ ಮಾತು ಕೇಳಿಸುವುದಿಲ್ಲ, ಅದರಂತೆ ಇದು. ಆಳದಲ್ಲಿರುವ ಭಾಗಗಳ ವ್ಯಾಪಾರವಂತೂ ನೇರವಾಗಿ ಬಹುಮಟ್ಟಿಗೆ ತೋರುವುದೇ ಇಲ್ಲ.

ಅಲೆಗಳನ್ನು ಅವುಗಳ ವೇಗದಿಂದ ವಿಂಗಡಿಸುವರು. ಸೆಕೆಂಡಿಗೆ ೪ಕ್ಕಿಂತ ಕಡಮೆ ಸಲ ಏರಿಳಿಯುವುದು ಡೆಲ್ಟಾ, ೪ರಿಂದ ೮ರವರೆಗೆ ಥೀಟಾ, ೮ರಿಂದ ೧೩ರವರೆಗೆ ಆಲ್ಫಾ, ಅದಕ್ಕೂ ಮೇಲೆ ಬೀಟಾ. ಸ್ವಸ್ಥನಾದವನು ಎಚ್ಚರವಾಗಿ ಕಣ್ಣು ಮುಚ್ಚಿ ಕುಳಿತಾಗ ತಲೆಯ ಹಿಂಭಾಗದಲ್ಲಿ ಆಲ್ಫಾ ತೋರುತ್ತದೆ, ಕಣ್ಣು ತೆರೆದೊಡನೆ ಕುಗ್ಗುತ್ತದೆ. ಹೀಗೆ ಹೊರಗಿನ ಪ್ರೇರಣೆಗೆ ಗೆರೆಯು ಬದಲಾಗುವುದನ್ನು ಪ್ರತಿಸ್ಪಂದವೆನ್ನಬಹುದು. ಮೂರ್ಛಿತನ ಹೆಸರನ್ನು ಕೂಗಿ, ಚಪ್ಪಾಳೆ ತಟ್ಟಿ, ಉಗುರನ್ನೊತ್ತಿ ಇದನ್ನೇ ಪರೀಕ್ಷಿಸುವರು. ಗೆರೆಯ ಆಕಾರಕ್ಕಿಂತ ಪ್ರತಿಸ್ಪಂದದ ಇರವು ಎಷ್ಟೋ ವೇಳೆ ಹೆಚ್ಚು ಶುಭಸೂಚಕವಾಗಿರುತ್ತದೆ.

ಕಣ್ಣಿಗೆ ಸರ್ವಥಾ ಕಾಣದ ಒಂದು ವಿಷಯವನ್ನು ಈ ಯಂತ್ರವು ಚೆನ್ನಾಗಿ ತೋರಿಸುತ್ತದೆ. ಅದು ಅಪಸ್ಮಾರದ ಗೂಢವಾದ ಸೆಳವು. ಕೈಕಾಲುಗಳು ಕದಲದೆ ಮಿದುಳಿನಲ್ಲಿ ಮಾತ್ರ ನಡೆಯತಕ್ಕದ್ದು. ೨೦೦೪ರಲ್ಲಿ ನ್ಯೂಯಾರ್ಕ್ ನಗರದ ವೈದ್ಯರು ತೀವ್ರವಾದ ಅಸ್ವಸ್ಥತೆಯಲ್ಲಿದ್ದ ೫೭೦ ರೋಗಿಗಳ ನಿರಂತರಲೇಖಗಳನ್ನು ಪರಿಶೀಲಿಸಲಾಗಿ, ೧೧೦ ಜನರಲ್ಲಿ ಸೆಳವು ಕಂಡಿತು; ಅವರಲ್ಲಿ ೧೦೧ ಜನರ ಸೆಳವುಗಳು ಹೊರಗೆ ತೋರದಿದ್ದವು. ಕೋಮಾದಲ್ಲಿದ್ದವರ ಪೈಕಿ ಐದರಲ್ಲೊಂದು ಭಾಗದವರಲ್ಲಿ ಮೊದಲ ಸೆಳವು ಕಂಡುದು ೨೪ ಗಂಟೆಗಳು ಕಳೆದ ಮೇಲೆ. ಅರ್ಧ ಗಂಟೆಯ ಲೇಖವನ್ನು ನೋಡಿ ಸೆಳವಿಲ್ಲವೆನ್ನುವುದು ಎಷ್ಟು ದುರ್ಬಲವಾದ ಮಾತೆಂಬುದು ಇದರಿಂದ ವಿಶದವಾಗುತ್ತದೆ. ಗೂಢವಾದ ಸೆಳವಿಗೆ ಔಷಧವುಂಟಾದ್ದರಿಂದ, ಇಲ್ಲಿ ಅರ್ಥನಿರ್ಣಯವು ನೇರವಾಗಿ ಉಪಕಾರಕ್ಕೆ ಬರುತ್ತದೆ.

೩. ಹೇತುವೂ ಹೇತ್ವಾಭಾಸಗಳೂ

ಬೆಟ್ಟದ ಮೇಲಿನ ಹೊಗೆಯಿಂದ ಬೆಂಕಿಯನ್ನು ಊಹಿಸುವ ಉದಾಹರಣೆಯು ಎಲ್ಲರಿಗೂ ಚಿರಪರಿಚಿತವಾದುದು. ಹೊಗೆಯಿರುವಲ್ಲೆಲ್ಲ ಬೆಂಕಿಯಿರುವುದೆಂಬ ವ್ಯಾಪ್ತಿಯೇ ಅದಕ್ಕೆ ಜೀವ. ಪ್ರಕೃತದಲ್ಲಿ ರೋಗಿಯು ಪಕ್ಷ. ಅರಿವಿನ ಇರವಾಗಲಿ, ಅರಿವು ಮರಳಲಾರದೆಂಬುದಾಗಲಿ ಸಾಧ್ಯ. ಗೆರೆಯ ಆಕಾರವು ಹೇತು. ಅನ್ನಂಭಟ್ಟನ ತರ್ಕಸಂಗ್ರಹದಲ್ಲಿ ಎಣಿಸಿರುವ ಐದು ಹೇತ್ವಾಭಾಸಗಳಲ್ಲಿ ವಿರುದ್ಧವೆಂಬುದನ್ನು ಬಿಟ್ಟು ಉಳಿದ ನಾಲ್ಕೂ ಇಲ್ಲಿ ಕಾಣಬರುತ್ತವೆ.

ಮೊದಲನೆಯದು ಅಸಿದ್ಧ. ಹೇತುವು ಪಕ್ಷದಲ್ಲಿ ಇಲ್ಲದಿದ್ದರೂ ಇರುವಂತೆ ತೋರುವುದು. ಮಂಜನ್ನು ಹೊಗೆಯೆಂದು ಬಗೆದಂತೆ. ತೀವ್ರನಿಗಾ ಘಟಕವು ಯಂತ್ರಗಳ ಕಾಡು. ಉಸಿರಾಟದ ಯಂತ್ರದ ಕಂಪನ, ಕೋಣೆಯ ವಿದ್ಯುತ್ತಿನ ಸೆಕೆಂಡಿಗೆ ೫೦ ಸಲದ ಮಿಡಿತ, ಹಣೆಯ ಸ್ನಾಯುಗಳ ಬಿಗಿತ, ಬೆವರು, ಎದೆಬಡಿತ ಇವೆಲ್ಲವೂ ಗೆರೆಯ ವೇಷವನ್ನು ಧರಿಸಿ ಬರುತ್ತವೆ. ಇವು ಮಿದುಳಿನವಲ್ಲ. ಮೊದಲು ಇವುಗಳನ್ನು ಬೇರ್ಪಡಿಸದೆ ಅರ್ಥಹೇಳಲು ಹೊರಡುವುದು, ಲಿಪಿಕಾರನ ಕೈತಪ್ಪನ್ನು ಕವಿಯ ಪ್ರಯೋಗವೆಂದು ವ್ಯಾಖ್ಯಾನಿಸಿದ ಹಾಗೆ.

ಅಸಿದ್ಧದಲ್ಲಿಯೇ ಸೇರಿದ ಮತ್ತೊಂದು ಸೋಪಾಧಿಕ ಹೇತು. ಬೆಂಕಿಯಿರುವಲ್ಲೆಲ್ಲ ಹೊಗೆಯಿರುವುದೆಂದರೆ ತಪ್ಪು. ಹಸಿಯ ಸೌದೆಯ ಸಂಬಂಧವೆಂಬ ಉಪಾಧಿಯು ಅಲ್ಲಿ ಬೇಕು. ಗೆರೆಯು ಕೆಲವು ಸೆಕೆಂಡುಗಳ ಕಾಲ ಉಕ್ಕಿ, ಕೆಲವು ಸೆಕೆಂಡು ಸಪಾಟಾಗಿ, ಮತ್ತೆ ಉಕ್ಕುವ ಒಂದು ಆಕಾರವುಂಟು. ಹೃದಯ ನಿಂತುದರಿಂದ ಮಿದುಳು ಬಹಳವಾಗಿ ನೊಂದವರಲ್ಲಿ ಇದು ಕಂಡರೆ ಅಶುಭಸೂಚಕ. ಆದರೆ ಆಳವಾದ ಅರಿವಳಿಕೆಯ ಔಷಧವನ್ನು ಕೊಟ್ಟವನಲ್ಲಿಯೂ ಇದೇ ಆಕಾರವು ತೋರುತ್ತದೆ. ಔಷಧವಿಳಿದ ಮೇಲೆ ಅವನು ಎದ್ದು ಮಾತನಾಡುತ್ತಾನೆ. ದೇಹವು ಬಹಳವಾಗಿ ತಣ್ಣಗಾದಾಗಲೂ ಹೀಗೆಯೆ. ಆದುದರಿಂದ ಆಕಾರವು ಮಾತ್ರ ಸಾಧಕವಲ್ಲ. ಅದು ಗಾಯದಿಂದಲೇ ಹುಟ್ಟಿದ್ದಾಗಿರಬೇಕೆಂಬ ಉಪಾಧಿಯುಂಟು. ಯಾವ ಔಷಧವನ್ನು ಎಷ್ಟು, ಯಾವಾಗ ಕೊಟ್ಟರು, ಮೈಯ ಬಿಸಿ ಎಷ್ಟಿತ್ತು ಎಂಬುದನ್ನು ಕೇಳದೆ ಗೆರೆಗೆ ಅರ್ಥವನ್ನು ಹೇಳತಕ್ಕದ್ದಲ್ಲ.

ಎರಡನೆಯದು ಸವ್ಯಭಿಚಾರ, ಹೇತುವು ಸಾಧ್ಯವಿರುವಲ್ಲಿಯೂ ಇಲ್ಲದಲ್ಲಿಯೂ ಇರುವುದು. ಆಲ್ಫಾ ಅಲೆಯು ಎಚ್ಚರದ ಚಿಹ್ನೆಯೆಂದು ಮೇಲೆ ಹೇಳಿದೆವು. ಆದರೆ ಹೃದಯ ನಿಂತು ಮೂರ್ಛಿತರಾದ ಕೆಲವರಲ್ಲಿ ತಲೆಯ ತುಂಬ ಆಲ್ಫಾವೇಗದ ಅಲೆಗಳು ತೋರುತ್ತವೆ; ಯಾವ ಪ್ರೇರಣೆಗೂ ಅವು ಸಾಮಾನ್ಯವಾಗಿ ಬದಲಾಗುವುದಿಲ್ಲ. ಇದಕ್ಕೆ ಆಲ್ಫಾಕೋಮಾ ಎಂದು ಹೆಸರು. ಮತ್ತೊಂದು ಕಡೆ, ಮಿದುಳಿನ ಕಾಂಡದ ಮುಂಭಾಗವು ಕೆಟ್ಟು, ಕಣ್ಣನ್ನು ಮೇಲೆ ಕೆಳಗೆ ಆಡಿಸುವುದನ್ನು ಬಿಟ್ಟು ಬೇರೆ ಯಾವ ಚಲನೆಯೂ ಇಲ್ಲದ, ಆದರೆ ಪೂರ್ಣ ಎಚ್ಚರವಿರುವ ರೋಗಿಗಳುಂಟು. ಅವರಲ್ಲಿಯೂ ಆಲ್ಫಾ ತೋರುತ್ತದೆ. ಇಬ್ಬರೂ ನಿಶ್ಚಲರು, ಇಬ್ಬರ ಅಲೆಯ ವೇಗವೂ ಒಂದೇ. ಒಬ್ಬನು ಎಲ್ಲವನ್ನೂ ಕೇಳುತ್ತಿರುತ್ತಾನೆ, ಮತ್ತೊಬ್ಬನು ಗಾಢಮೂರ್ಛೆಯಲ್ಲಿರುತ್ತಾನೆ.

ಮೂರನೆಯದು ಸತ್ಪ್ರತಿಪಕ್ಷ, ಒಂದು ಹೇತುವು ಒಂದನ್ನು ಸಾಧಿಸಿದರೆ ಸಮಬಲವಾದ ಮತ್ತೊಂದು ಅದರ ಅಭಾವವನ್ನು ಸಾಧಿಸುವುದು. ಗೆರೆಯು ಅಶುಭವಾಗಿ, ಕಣ್ಣುಪಾಪೆಯೂ ಮಿದುಳಿನ ಚಿತ್ರವೂ ಶುಭವಾಗಿದ್ದಾಗ ಯಾವುದನ್ನೂ ನಿಶ್ಚಯಿಸದೆ ಕಾಯುವುದೇ ನ್ಯಾಯ.

ನಾಲ್ಕನೆಯದು ಬಾಧಿತ, ಬಲವತ್ತರವಾದ ಪ್ರಮಾಣದಿಂದ ಹೇತುವಿನ ಸಾಧ್ಯವು ನಿರಾಕೃತವಾಗುವುದು. ಹಣೆಗೆ ಅಂಟಿಸಿದ ಪಟ್ಟಿಯಿಂದ ಗೆರೆಗಳನ್ನು ಗಣಿಸಿ, ಎಚ್ಚರದ ಮಟ್ಟವನ್ನು ೦ಯಿಂದ ೧೦೦ರವರೆಗಿನ ಒಂದು ಸಂಖ್ಯೆಯಾಗಿ ತೋರಿಸುವ ಬಿ.ಐ.ಎಸ್. ಎಂಬ ಯಂತ್ರವುಂಟು. ಶಸ್ತ್ರಚಿಕಿತ್ಸೆಯ ಅರಿವಳಿಕೆಯಲ್ಲಿ ೪೦ರಿಂದ ೬೦ರವರೆಗಿನ ಸಂಖ್ಯೆಯನ್ನು ಅಪೇಕ್ಷಿಸುವರು. ೨೦೧೫ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಪ್ರಯೋಗವೊಂದರಲ್ಲಿ, ಸ್ವಇಚ್ಛೆಯಿಂದ ಬಂದ ೧೦ ಜನ ಸ್ವಸ್ಥರಿಗೆ ಅರಿವಳಿಕೆಯನ್ನು ಕೊಡದೆ ಸ್ನಾಯುಗಳನ್ನು ಸಡಿಲಿಸುವ ಔಷಧವನ್ನು ಮಾತ್ರ ಕೊಟ್ಟರು. ಅವರು ಪೂರ್ಣ ಎಚ್ಚರವಾಗಿದ್ದರೂ ಸಂಖ್ಯೆಯು ೬೦ಕ್ಕಿಂತ ಕೆಳಗಿಳಿಯಿತು. ಸ್ನಾಯುಗಳ ವಿದ್ಯುತ್ತೂ ಆ ಸಂಖ್ಯೆಯಲ್ಲಿ ಸೇರಿರುವುದೇ ಇದಕ್ಕೆ ಕಾರಣ. ಸಂಖ್ಯೆಯೆಂದರೆ ನಿಶ್ಚಯವೆಂಬ ಭ್ರಮೆಯು ಸುಲಭವಾಗಿ ಹುಟ್ಟುವುದರಿಂದ ಇಲ್ಲಿ ಹೆಚ್ಚಿನ ಎಚ್ಚರಿಕೆ ಬೇಕು.

೪. ಕಾಣದಿರುವುದು ಇಲ್ಲದಿರುವುದೆ?

ಇನ್ನು ಮುಖ್ಯವಾದ ವಿಚಾರ. ನೆಲದ ಮೇಲೆ ಗಡಿಗೆಯಿಲ್ಲವೆಂಬ ಜ್ಞಾನವು ಹೇಗೆ ಹುಟ್ಟುತ್ತದೆ? ಭಾಟ್ಟಮೀಮಾಂಸಕರೂ ವೇದಾಂತಿಗಳೂ ಅನುಪಲಬ್ಧಿಯನ್ನು ಬೇರೆ ಪ್ರಮಾಣವೆಂದರು. ನೈಯಾಯಿಕರು ಪ್ರತ್ಯಕ್ಷಕ್ಕೆ ಸಹಕಾರಿಯೆಂದರು. ಈ ವಿವಾದವೇನೇ ಇರಲಿ, ಒಂದು ವಿಷಯದಲ್ಲಿ ಎಲ್ಲರೂ ಒಪ್ಪುವರು: ಕಾಣದಿರುವಿಕೆಯು ಯೋಗ್ಯವಾಗಿರಬೇಕು. ಇದ್ದಿದ್ದರೆ ಕಂಡೇ ಕಾಣುತ್ತಿತ್ತೆಂದು ಹೇಳಬಲ್ಲ ಸ್ಥಳದಲ್ಲಿ ಮಾತ್ರ, ಕಾಣಲಿಲ್ಲವಾದ್ದರಿಂದ ಇಲ್ಲವೆನ್ನಬಹುದು. ಕತ್ತಲೆಯ ಕೋಣೆಯಲ್ಲಿ ಗಡಿಗೆಯು ಕಾಣದಿದ್ದರೆ ಅದು ಇಲ್ಲವೆಂದು ಸಿದ್ಧವಾಗದು. ಕಾದ ಕಬ್ಬಿಣದ ಗುಂಡಿನಲ್ಲಿ ಹೊಗೆಯಿಲ್ಲ; ಆದರೂ ಬೆಂಕಿಯುಂಟು.

ಕಾದ ಕಬ್ಬಿಣದಂಥ ರೋಗಿಗಳುಂಟೆಂದು ಈ ಶತಮಾನದಲ್ಲಿ ಗೊತ್ತಾಯಿತು. ೨೦೦೬ರಲ್ಲಿ ಏಡ್ರಿಯನ್ ಓವನ್ ಎಂಬವನೂ ಆತನ ಸಂಗಡಿಗರೂ, ರಸ್ತೆಯ ಅಪಘಾತದಲ್ಲಿ ಗಾಯಗೊಂಡು ಐದು ತಿಂಗಳಿನಿಂದ ಪ್ರತಿಕ್ರಿಯೆಯಿಲ್ಲದಿದ್ದ ೨೩ ವರ್ಷದ ಹೆಂಗಸೊಬ್ಬಳನ್ನು, ಮಿದುಳಿನ ರಕ್ತಸಂಚಾರವನ್ನು ತೋರಿಸುವ ಎಂ.ಆರ್.ಐ. ಯಂತ್ರದಲ್ಲಿಟ್ಟು ಪರೀಕ್ಷಿಸಿದ ವಿವರವು ಪ್ರಕಟವಾಯಿತು. ಟೆನ್ನಿಸ್ ಆಡುವಂತೆ ಕಲ್ಪಿಸಿಕೊಳ್ಳೆಂದಾಗ ಚಲನೆಗೆ ಸಂಬಂಧಿಸಿದ ಭಾ್ಗವೂ, ಮನೆಯ ಕೋಣೆಗಳಲ್ಲಿ ನಡೆದಾಡುವಂತೆ ಕಲ್ಪಿಸಿಕೊಳ್ಳೆಂದಾಗ ಸ್ಥಳಜ್ಞಾನಕ್ಕೆ ಸಂಬಂಧಿಸಿದ ಭಾಗವೂ ಸ್ವಸ್ಥರಲ್ಲಿರುವಂತೆಯೇ ಎಚ್ಚತ್ತವು. ೨೦೧೧ರಲ್ಲಿ ಇದೇ ಬಗೆಯ ಪರೀಕ್ಷೆಯನ್ನು ವಿದ್ಯುಲ್ಲೇಖದಿಂದ ಮಾಡಿ, ೧೬ ರೋಗಿಗಳಲ್ಲಿ ೩ ಜನರು ಆಜ್ಞೆಯನ್ನು ಅನುಸರಿಸಿದರೆಂದು ವರದಿ ಮಾಡಿದರು. ೨೦೧೩ರಲ್ಲಿ ಬೇರೆ ವಿದ್ವಾಂಸರು ಅದೇ ಲೇಖಗಳನ್ನು ಮತ್ತೆ ಗಣಿಸಿ ಆ ನಿರ್ಣಯವನ್ನು ಆಕ್ಷೇಪಿಸಿದರು. ಆದರೆ ಆ ವರದಿಯಲ್ಲಿಯೇ ಗಮನಿಸತಕ್ಕ ಮತ್ತೊಂದು ಅಂಶವುಂಟು: ಹೋಲಿಕೆಗಾಗಿ ಪರೀಕ್ಷಿಸಿದ ೧೨ ಜನ ಸ್ವಸ್ಥರಲ್ಲಿ ೯ ಜನರಲ್ಲಿ ಮಾತ್ರ ಚಿಹ್ನೆಯು ದೊರೆಯಿತು. ಉಳಿದ ಮೂವರಿಗೆ ಅರಿವಿರಲಿಲ್ಲವೆಂದು ಯಾರೂ ಹೇಳಲಾರರು.

೨೦೧೯ರಲ್ಲಿ ನ್ಯೂಯಾರ್ಕಿನ ಯಾನ್ ಕ್ಲಾಸನ್ ಮತ್ತು ಸಂಗಡಿಗರು, ಗಾಯವಾಗಿ ಕೆಲವೇ ದಿನಗಳಾಗಿದ್ದ ೧೦೪ ಜನ ನಿಶ್ಚೇಷ್ಟಿತರಿಗೆ ಬಲಗೈಯನ್ನು ತೆರೆದು ಮುಚ್ಚುವಂತೆ ಹೇಳಿ ವಿದ್ಯುಲ್ಲೇಖವನ್ನು ಗಣಿಸಿದರು. ಕೈ ಕದಲದಿದ್ದರೂ ೧೬ ಜನರ ಮಿದುಳು ಆಜ್ಞೆಗೆ ತಕ್ಕಂತೆ ವರ್ತಿಸಿತು. ವರ್ಷ ಕಳೆದ ಮೇಲೆ ಆ ೧೬ರಲ್ಲಿ ೭ ಜನರು ದಿನದಲ್ಲಿ ೮ ಗಂಟೆಗಳ ಕಾಲ ಪರರ ನೆರವಿಲ್ಲದೆ ಇರಬಲ್ಲವರಾದರು. ಚಿಹ್ನೆ ದೊರೆಯದವರಲ್ಲಿ ೮೪ಕ್ಕೆ ೧೨ ಜನರು ಮಾತ್ರ. ೨೦೨೪ರಲ್ಲಿ ಅಮೆರಿಕ ಯೂರೋಪುಗಳ ಆರು ಕೇಂದ್ರಗಳು ಕೂಡಿ ಪ್ರಕಟಿಸಿದ ಪರಿಶೀಲನೆಯಲ್ಲಿ, ಹೊರಗೆ ಆಜ್ಞೆಯನ್ನು ಅನುಸರಿಸದಿದ್ದ ೨೪೧ ಜನರ ಪೈಕಿ ೬೦ ಜನರು, ಎಂದರೆ ನಾಲ್ವರಲ್ಲೊಬ್ಬರು, ಒಳಗೆ ಅನುಸರಿಸುತ್ತಿದ್ದುದು ಕಂಡುಬಂದಿತು.

ಅದೇ ಪರಿಶೀಲನೆಯಲ್ಲಿ ಎಲ್ಲರೂ ನೆನಪಿಡತಕ್ಕ ಇನ್ನೊಂದು ಸಂಖ್ಯೆಯುಂಟು. ಹೊರಗೆ ಆಜ್ಞೆಯನ್ನು ಕಣ್ಣಿಗೆ ಕಾಣುವಂತೆ ಅನುಸರಿಸುತ್ತಿದ್ದ ೧೧೨ ಜನರನ್ನೂ ಯಂತ್ರದಿಂದ ಪರೀಕ್ಷಿಸಿದರು. ಚಿಹ್ನೆಯು ದೊರೆತುದು ೪೩ ಜನರಲ್ಲಿ. ಉಳಿದ ೬೯ ಜನರಿಗೆ ಅರಿವಿದ್ದುದು ಪ್ರತ್ಯಕ್ಷ. ಆದರೂ ಯಂತ್ರಕ್ಕೆ ಕಾಣಲಿಲ್ಲ. ಅರಿವಿದ್ದರೆ ಕಂಡೇ ಕಾಣುತ್ತಿತ್ತೆಂಬ ಮಾತು ಈ ಯಂತ್ರದ ವಿಷಯದಲ್ಲಿ ಸಲ್ಲದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಾಗಿಲ್ಲ. ದಣಿವು, ಕಿವುಡು, ಭಾಷೆಯನ್ನು ತಿಳಿಯುವ ಶಕ್ತಿಯ ನಾಶ, ಆ ಹೊತ್ತಿನ ಜೊಂಪು ಯಾವುದರಿಂದಲಾದರೂ ಚಿಹ್ನೆ ತಪ್ಪಬಹುದು. ಆದಕಾರಣ ಚಿಹ್ನೆ ದೊರೆತರೆ ಅದು ಪ್ರಮಾಣ. ದೊರೆಯದಿದ್ದರೆ ಅದು ಅಯೋಗ್ಯಾನುಪಲಬ್ಧಿ, ಅಷ್ಟರಿಂದಲೇ ಅಭಾವವನ್ನು ಸಾಧಿಸಲಾರದು.

೫. ಭವಿಷ್ಯನಿರ್ಣಯದ ದೋಷ

ಭವಿಷ್ಯವನ್ನು ಹೇಳುವಾಗ ಇನ್ನೊಂದು ದೋಷವು ಸೇರುತ್ತದೆ. ಈ ಆಕಾರದ ಗೆರೆಯುಳ್ಳವರು ಬದುಕುವುದಿಲ್ಲವೆಂದು ನಂಬಿ ಚಿಕಿತ್ಸೆಯನ್ನು ನಿಲ್ಲಿಸಿದರೆ ರೋಗಿಯು ಸಾಯುತ್ತಾನೆ. ಆ ಸಾವನ್ನೇ ಎಣಿಕೆಗೆ ತೆಗೆದುಕೊಂಡು ಗೆರೆಯ ವ್ಯಾಪ್ತಿಯು ದೃಢವಾಯಿತೆನ್ನುತ್ತಾರೆ. ನಂಬಿಕೆಗೆ ಸಾವು ಆಧಾರ, ಸಾವಿಗೆ ನಂಬಿಕೆ ಆಧಾರ, ಇದು ಅನ್ಯೋನ್ಯಾಶ್ರಯ. ವೈದ್ಯಲೋಕವು ಇದನ್ನು ಅರಿತಿದೆ. ಹೃದಯ ನಿಂತು ಮೂರ್ಛಿತರಾದವರ ವಿಷಯದಲ್ಲಿ ೨೦೨೧ರ ಯೂರೋಪಿನ ನಿಯಮಾವಳಿಯು, ಕನಿಷ್ಠ ೭೨ ಗಂಟೆಗಳು ಕಳೆಯಬೇಕು, ಔಷಧದ ಪ್ರಭಾವವಿಳಿದಿರಬೇಕು, ಒಂದಲ್ಲ, ಕನಿಷ್ಠ ಎರಡು ಅಶುಭಚಿಹ್ನೆಗಳು ಕೂಡಿರಬೇಕು ಎಂದು ವಿಧಿಸುತ್ತದೆ. ದೀರ್ಘಮೂರ್ಛೆಯನ್ನು ಕುರಿತ ೨೦೧೮ರ ಅಮೆರಿಕದ ನಿಯಮಾವಳಿಯು, ಗಾಯವಾದ ಮೊದಲ ೨೮ ದಿನಗಳಲ್ಲಿ ಇಂಥವರಿಗೆಲ್ಲ ಆಶೆಯಿಲ್ಲವೆಂಬ ಮಾತನ್ನು ಬಂಧುಗಳಿಗೆ ಆಡಬಾರದೆಂದು ಹೇಳಿ, ಶಾಶ್ವತವೆಂಬ ಹಳೆಯ ವಿಶೇಷಣವನ್ನು ಬಿಟ್ಟು ದೀರ್ಘಕಾಲಿಕವೆಂಬುದನ್ನು ಗ್ರಹಿಸಿತು.

ಹಾಗಾದರೆ ಯಾವ ಮೂರ್ಛಿತನ ವಿಷಯದಲ್ಲಿಯೂ ಎಂದಿಗೂ ನಿಶ್ಚಯವಿಲ್ಲವೆ ಎಂದು ಶಂಕಿಸಬಹುದು. ಹಾಗಲ್ಲ. ಮಿದುಳಿನ ಕಾಂಡದ ಮರಣವೆಂಬುದು ಬೇರೆ. ನಮ್ಮ ದೇಶದ ೧೯೯೪ರ ಅಂಗಾಂಗಕಸಿ ಕಾಯಿದೆಯಂತೆ ವೈದ್ಯರ ಮಂಡಲಿಯು ಕನಿಷ್ಠ ೬ ಗಂಟೆಗಳ ಅಂತರದಲ್ಲಿ ಎರಡು ಸಲ ರೋಗಿಯನ್ನೇ ಪರೀಕ್ಷಿಸಿ ಅದನ್ನು ನಿರ್ಣಯಿಸುತ್ತದೆ; ವಿದ್ಯುಲ್ಲೇಖವು ಅಲ್ಲಿ ಕಡ್ಡಾಯವಲ್ಲ. ಮೇಲೆ ಹೇಳಿದ ಸಂದೇಹಗಳನ್ನು ಆ ನಿರ್ಣಯದ ಮೇಲೆ ಹೇರತಕ್ಕದ್ದಲ್ಲ. ಅಂತೆಯೇ ಚಿಹ್ನೆ ದೊರೆತ ೧೬ರಲ್ಲಿ ೯ ಜನರು ಆ ಮಟ್ಟಿಗೆ ಚೇತರಿಸಿಕೊಳ್ಳಲಿಲ್ಲವೆಂಬುದನ್ನೂ ಮರೆಯಬಾರದು. ಸುಳ್ಳು ಆಶೆಯೂ ಬಂಧುಗಳಿಗೆ ಮಾಡುವ ಅಪಕಾರವೇ.

ಉಪಸಂಹಾರ

ವಿದ್ಯುಲ್ಲೇಖದ ವರದಿಯನ್ನು ಓದುವವನು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು: ಈ ಗೆರೆಯು ಮಿದುಳಿನದೇ ಹೌದೆ? ಗಾಯದಿಂದಲೇ ಹುಟ್ಟಿತೆ, ಔಷಧ ಮೊದಲಾದ ಉಪಾಧಿಗಳಿಂದಲೆ? ಇತರ ಚಿಹ್ನೆಗಳು ಇದಕ್ಕೆ ಅನುಕೂಲವೆ, ಪ್ರತಿಕೂಲವೆ? ಇವಲ್ಲದೆ ಮಾತಿನ ನಿಯಮವೊಂದುಂಟು. ಅರಿವಿನ ಚಿಹ್ನೆ ಕಾಣಲಿಲ್ಲವೆಂಬುದು ಪರೀಕ್ಷಕನನ್ನು ಕುರಿತ ವಾಕ್ಯ. ಅರಿವಿಲ್ಲವೆಂಬುದು ರೋಗಿಯನ್ನು ಕುರಿತ ವಾಕ್ಯ. ಮೊದಲನೆಯದನ್ನು ಹೇಳಲು ಸಾಧನವಿದೆ. ಎರಡನೆಯದಕ್ಕೆ ಈ ಯಂತ್ರವೊಂದೇ ಸಾಲದು. ಒಂದರ ಸ್ಥಾನದಲ್ಲಿ ಇನ್ನೊಂದನ್ನು ಪ್ರಯೋಗಿಸುವುದರಿಂದ ಒಬ್ಬನ ಪ್ರಾಣಕ್ಕೆ ಹಾನಿಯೊದಗಬಹುದು. ನಿಶ್ಚೇಷ್ಟಿತನ ಹಾಸಿಗೆಯ ಬಳಿ ನಿಂತವರು, ಅವನು ಕೇಳುತ್ತಿರಬಹುದೆಂದು ಭಾವಿಸಿಯೇ ಮಾತನಾಡುವುದು ಯುಕ್ತ. ಕಾಣದಿರುವುದನ್ನು ಕಾಣಲಿಲ್ಲವೆಂದಷ್ಟೇ ಹೇಳುವ ಸಂಯಮವನ್ನು ಶಾಸ್ತ್ರಾಭ್ಯಾಸವು ಕಲಿಸುತ್ತದೆ. ಅದಕ್ಕೆ ಅತ್ಯಂತ ಅವಶ್ಯಕತೆಯಿರುವ ಸ್ಥಳಗಳಲ್ಲಿ ಇದೊಂದು.